ಮಾವನ ಅಮೆರಿಕದ ಕಾಲೇಜು

ಎಂಟನೇ ಕ್ಲಾಸಿನ ನಡುವಿನಲ್ಲಿ ಶಾಲೆ ಬಿಟ್ಟ ನನ್ನ ಸೋದರಮಾವನಿಗೆ ಅಮೆರಿಕದಲ್ಲಿ ಒಂದು ಕಾಲೇಜುಂಟು!

ನಗಬೇಡಿ. ನಗುವುದು, ಸಿಟ್ಟಾಗುವುದು, ವಾದ ಮಾಡುವುದು, ಮಾತು ಬಿಡುವುದು ಎಲ್ಲವನ್ನೂ ಸರದಿಯ ಪ್ರಕಾರ ಮಾಡಿ ಮುಗಿಸಿದ ಮೇಲೆಯೇ ನಾನು ಬರೆಯಲು ಕೂತದ್ದು. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಕಾಲೇಜಿನವರು ಮಾವನ ಮೇಲೆ ಕೇಸು ಹಾಕಬಹುದು, ಇಲ್ಲವೇ ಕರೆದು ಗೌರವ ಡಾಕ್ಟರೇಟ್ ಕೊಡಬಹುದು. ಎರಡನೆಯದು ಆದರೆ ನಾನು ಬದುಕಿ ಪ್ರಯೋಜನವಿಲ್ಲ.

ಮೊದಲು ನನ್ನ ಸಂಕಟ ಹೇಳಿಬಿಡುತ್ತೇನೆ. ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಸೇರಿಸಿದರೂ ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದ ಮೊದಲ ಜೀವ ನಾನು. ಬಿ.ಕಾಂ. ಅದೇನು ತಾನಾಗಿ ಬಂದು ಮಡಿಲಿಗೆ ಬಿದ್ದದ್ದಲ್ಲ. ಬೆಳಿಗ್ಗೆ ಎದ್ದು ಅಮ್ಮನ ಜೊತೆ ಬೀಡಿ ಕಟ್ಟಿ, ಅದನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಒಪ್ಪಿಸಿ, ಹೊಗೆಸೊಪ್ಪಿನ ವಾಸನೆ ಹಿಡಿದ ಅದೇ ಬೆರಳಿನಲ್ಲಿ ಬಸ್ಸಿನ ಕಂಬಿ ಹಿಡಿದು ನೇತಾಡಿಕೊಂಡು ಹೋಗಿ ತಂದ ಡಿಗ್ರಿ. ಅಪ್ಪ ತೀರಿಹೋದ ವರ್ಷವೂ ಪರೀಕ್ಷೆ ತಪ್ಪಿಸಲಿಲ್ಲ. ಆ ಡಿಗ್ರಿಯ ಬಲದಿಂದಲೇ ಬಹ್ರೈನಿಗೆ ಬಂದೆ, ಸೀಫ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ವಿಭಾಗದಲ್ಲಿ ಕೂತೆ. ಮದುವೆಯಾಗಿ ಹೂರಾದಲ್ಲಿ ಫ್ಲ್ಯಾಟು ಹಿಡಿದ ದಿನ ಗೋಡೆಗೆ ಹೊಡೆದ ಮೊದಲ ಮೊಳೆ ನನ್ನ ಘಟಿಕೋತ್ಸವದ ಫೋಟೋಕ್ಕೆ. ಕಪ್ಪು ಗೌನು, ಕೈಯಲ್ಲಿ ಸುರುಳಿ, ಮುಖದಲ್ಲಿ ಲೋಕ ಗೆದ್ದ ಗಾಂಭೀರ್ಯ.

ಮಾವ ಆ ಫೋಟೋದ ಎದುರು ತುಂಬ ಹೊತ್ತು ನಿಂತರು. ಕಣ್ಣು ತೇವವಾಗುತ್ತದೆ, ತಲೆ ಸವರುತ್ತಾರೆ ಅಂತ ನಾನು ಕಾದೆ. ಅವರು ತಿರುಗಿ, "ಗೌನಿಗೆ ಇಸ್ತ್ರಿ ಸರಿ ಆಗ್ಲಿಲ್ಲ" ಎಂದರು.

ಮಾವ ಇರುವುದು ಲಾಂಡ್ರಿಯಲ್ಲಿ. ಹೂರಾದ ನಮ್ಮ ಬೀದಿಯಿಂದ ನಾಲ್ಕು ತಿರುವು ಆಚೆ, ಒಬ್ಬ ಬಹ್ರೈನಿಯ ಲಾಂಡ್ರಿ. ಇಪ್ಪತ್ತು ವರ್ಷದ ಹುಡುಗನಾಗಿ ಬಂದವರು ಇಂದಿಗೂ ಅದೇ ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದಾರೆ. ಅಮ್ಮನ ಒಬ್ಬನೇ ತಮ್ಮ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದರೆ ಈಗೀಗ, "ಸೀಸನ್ ನಡುವೆ ಪುರುಸೊತ್ತು ಆಗ್ಲಿಲ್ಲ" ಅನ್ನುತ್ತಾರೆ.

ಈ ಸೀಸನ್ ಎಂಬ ಪೀಡೆ ಹತ್ತಿದ್ದು ಹೇಗೆ ಅಂತ ಕೇಳಿ. ಲಾಂಡ್ರಿಗಳಲ್ಲಿ ಒಂದು ಪದ್ಧತಿಯುಂಟು. ಬಟ್ಟೆ ಒಗೆಯಲು ಕೊಟ್ಟವರು ತಿಂಗಳುಗಟ್ಟಲೆ ಬಾರದಿದ್ದರೆ ಅದು ಹಿಂದಿನ ಶೆಲ್ಫಿಗೆ ಹೋಗುತ್ತದೆ. ಶೆಲ್ಫು ತುಂಬಿದಾಗ ಅರ್ಬಾಬ್, ಅಂದರೆ ಮಾಲೀಕ, ಅದನ್ನು ಕೆಲಸದವರಿಗೆ ಹಂಚುತ್ತಾನೆ. ಅಮೆರಿಕದ ನೇವಿಯವರು ಹಡಗು ಹೊರಟಾಗ ಬಟ್ಟೆ ಮರೆತು ಹೋಗುವುದು ಹೆಚ್ಚು. ಹಾಗೆ ಒಂದು ಚಳಿಗಾಲದಲ್ಲಿ ಮಾವನ ಪಾಲಿಗೆ ಬಂದದ್ದು ದಪ್ಪ ಬಟ್ಟೆಯ, ಉದ್ದ ತೋಳಿನ ಒಂದು ಅಂಗಿ. ಎದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಾಲೇಜಿನ ಹೆಸರು. ಮಾವನಿಗೆ ಅದು ಬಟ್ಟೆ ಕಂಪೆನಿಯ ಹೆಸರು ಅಂತಲೇ ಅಂದಾಜು.

ಅದನ್ನು ಹಾಕಿಕೊಂಡು ಒಂದು ಶುಕ್ರವಾರ ಸೀಫ್‌ನ ಮಾಲಿಗೆ ಹೋಗಿದ್ದರು. ಖರೀದಿಗಲ್ಲ, ಎಸ್ಕಲೇಟರಿನಲ್ಲಿ ಮೇಲೆ ಹೋಗಿ ಕೆಳಗೆ ಬರಲಿಕ್ಕೆ. ಎದುರಿನಿಂದ ಬಂದ ಒಬ್ಬ ಅಮೆರಿಕದವನು, ಬಾಗಿಲಿನಷ್ಟು ಅಗಲದ ಆಸಾಮಿ, ಮಾವನ ಎದೆ ನೋಡಿ ನಿಂತ. ಎರಡೂ ಕೈ ಮೇಲೆತ್ತಿ ಏನೋ ಕೂಗಿದ. ಅಂಗಿಯ ವಾರಸುದಾರ ಬಂದ ಅಂತ ಮಾವನ ಜೀವ ಹಾರಿತು. ಅಲ್ಲೇ ಅಂಗಿ ಬಿಚ್ಚಿಕೊಡಲು ಒಂದು ತೋಳು ಎಳೆದೂ ಆಗಿತ್ತಂತೆ. ಆದರೆ ಆತ ಕೇಳಿದ್ದು, ಯಾವ ವರ್ಷದವನು ನೀನು ಅಂತ.

ಗಲ್ಫಿನಲ್ಲಿ ಇಬ್ಬರು ಪರದೇಶಿಗಳು ಭೇಟಿಯಾದರೆ ಕೇಳುವ ಮೊದಲ ಪ್ರಶ್ನೆ ಯಾವುದು? ಯಾವ ವರ್ಷ ಬಂದದ್ದು! ಊರು, ಹೆಸರು, ಜಾತಿ, ಸಂಬಳ ಎಲ್ಲ ಆಮೇಲೆ. ಮಾವ ನಿರುಮ್ಮಳವಾಗಿ, "ನೈಂಟಿ ಟು" ಎಂದರು. ಬಹ್ರೈನಿಗೆ ಬಂದ ವರ್ಷ. ಆ ಪುಣ್ಯಾತ್ಮ ಕಾಲೇಜು ಮುಗಿಸಿದ್ದೂ ಅದೇ ವರ್ಷ! ಮಾವನನ್ನು ಎತ್ತಿ, ಅಕ್ಷರಶಃ ನೆಲದಿಂದ ಎತ್ತಿ, ಅಪ್ಪಿಕೊಂಡ. ಕಾಫಿ ಕುಡಿಸಿದ. ಫೋನ್ ನಂಬರು ತೆಗೆದುಕೊಂಡ. ಮಾವ ಲಾಂಡ್ರಿಗೆ ವಾಪಸು ಬರುವಾಗ ಪದವೀಧರ!

ನನಗೆ ವಿಷಯ ಗೊತ್ತಾದದ್ದು ಎಷ್ಟೋ ಸಮಯದ ನಂತರ. ಮೈಯೆಲ್ಲ ಉರಿದುಹೋಯಿತು. ನಾನು ಆ ಮೂರು ವರ್ಷ ಬಸ್ಸಿನಲ್ಲಿ ನೇತಾಡಿದ್ದು ಯಾಕೆ ಹಾಗಾದರೆ? ಒಂದು ಅಂಗಿ ತೆಗೆದುಕೊಂಡರೆ ಸಾಕಿತ್ತಲ್ಲ? ಆ ಮನುಷ್ಯನಿಗೆ ಸತ್ಯ ಹೇಳಿ, ಇಲ್ಲದಿದ್ದರೆ ನನ್ನ ಮನೆಗೆ ಊಟಕ್ಕೆ ಬರಬೇಡಿ ಎಂದೆ. ಶುಕ್ರವಾರ ಮಧ್ಯಾಹ್ನದ ನನ್ನ ಮೀನುಸಾರು ಮಾವನ ದೌರ್ಬಲ್ಯ. ನನ್ನ ಕೈಯಲ್ಲೇ ಇಂಗ್ಲಿಷಿನಲ್ಲಿ ಮೆಸೇಜು ಬರೆಸಿ ಕಳಿಸಿದರು: ನಾನು ನಿಮ್ಮ ಕಾಲೇಜಿನವನಲ್ಲ, ಯಾವ ಕಾಲೇಜಿನವನೂ ಅಲ್ಲ, ಬಟ್ಟೆಗೆ ಇಸ್ತ್ರಿ ಹಾಕುವವನು, ಕ್ಷಮಿಸಬೇಕು. ಅಷ್ಟರಲ್ಲಿ ಊರಿಗೆ ವಾಪಸಾಗಿದ್ದ ಆ ಅಮೆರಿಕದವನ ಉತ್ತರ ಅರ್ಧ ಗಂಟೆಯಲ್ಲಿ ಬಂತು. ಕ್ಲಾಸಿಗೆ ಕಾಲಿಡದವರು ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಇದ್ದರು, ನೀನೂ ಇರು, ಚಿಂತೆಯಿಲ್ಲ!

ಅಂದಿನಿಂದ ಅವನಿಗೆ ನಮ್ಮ ಮನೆಯಲ್ಲಿ "ಬ್ಯಾಚ್‌ಮೇಟ್" ಎಂದೇ ಹೆಸರು. ನನ್ನ ನಿಜವಾದ ಬ್ಯಾಚಿನ ಒಬ್ಬಳೂ ನನಗೆ ಕ್ರಿಸ್ಮಸ್ಸಿಗೆ ಒಂದು ಮೆಸೇಜು ಹಾಕುವುದಿಲ್ಲ. ಮಾವನಿಗೆ ವಾರಕ್ಕೆ ಎರಡು ಬರುತ್ತದೆ.

ಮೆಸೇಜಿನಲ್ಲಿ ಇರುವುದೆಲ್ಲ ಆ ಕಾಲೇಜಿನ ಫುಟ್‌ಬಾಲು. ಅಮೆರಿಕದವರ ಫುಟ್‌ಬಾಲು, ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಹಿಡಿದು ಓಡುವುದು, ಓಡುವವನ ಮೇಲೆ ಉಳಿದವರೆಲ್ಲ ಬೀಳುವುದು. ಐದು ಸೆಕೆಂಡು ಆಟ, ಅರ್ಧ ನಿಮಿಷ ಗುಂಪುಗೂಡಿ ಮೀಟಿಂಗು. ನಮ್ಮ ಆಫೀಸಿನ ಹಾಗೆಯೇ. ಶನಿವಾರ ಸಂಜೆ, ಅಲ್ಲಿ ಮಧ್ಯಾಹ್ನ ಆಗುವಾಗ, ಲಾಂಡ್ರಿಯ ಟೀವಿಯಲ್ಲಿ ಅದು ಶುರುವಾಗುತ್ತದೆ. ಇಷ್ಟು ವರ್ಷ ನೋಡಿದರೂ ಮಾವನಿಗೆ ಅದರ ನಿಯಮ ಗೊತ್ತಿಲ್ಲ. ಅಂಪೈರು ಹಳದಿ ಬಟ್ಟೆ ಎಸೆದರೆ ಅದು ನಮ್ಮ ಪರವೋ ವಿರುದ್ಧವೋ ಅಂತ ಜನರ ಮುಖ ನೋಡಿ ತಿಳಿಯುವುದು. ಬಟ್ಟೆಯನ್ನು ಹಾಗೆ ನೆಲಕ್ಕೆ ಎಸೆಯುವುದೇ ತಪ್ಪು ಅಂತ ಒಟ್ಟಾರೆ ಅವರ ಅಭಿಪ್ರಾಯ. ಒಮ್ಮೆ ಅರ್ಬಾಬ್ ಬಂದು, ಇದು ಎಂಥ ಆಟ ಅಂತ ವಿಚಾರಿಸಿದನಂತೆ. ಮಾವ ಹಿಂದಿಯಲ್ಲಿ ವಿವರಿಸಿದ್ದು ಹೀಗೆ: "ಕಬಡ್ಡಿ ಅಂತ ತಿಳ್ಕೊಳ್ಳಿ ಅರ್ಬಾಬ್. ಆದ್ರೆ ಇದ್ರಲ್ಲಿ ಉಸಿರು ಕಟ್ಟಬೇಕಾದ್ದು ನೋಡುವವರು."

ಆಟ ಇರುವ ದಿನ ಆ ಅಂಗಿ ಹಾಕಲೇಬೇಕು. ಅದು ಚಳಿದೇಶದ ದಪ್ಪ ಅಂಗಿ, ಸೀಸನ್ ಶುರುವಾಗುವುದು ಸೆಪ್ಟೆಂಬರಿನಲ್ಲಿ. ಬಹ್ರೈನಿನ ಸೆಪ್ಟೆಂಬರು ಎಂದರೆ ಗೊತ್ತಲ್ಲ, ಬೀದಿಗಿಳಿದರೆ ಇಡ್ಲಿ ಪಾತ್ರೆಯೊಳಗೆ ಇಳಿದ ಹಾಗೆ! ಆ ಹಬೆಯಲ್ಲಿ, ಲಾಂಡ್ರಿಯ ಹಬೆಯೂ ಸೇರಿ, ಮಾವ ತೋಳು ಮುಚ್ಚಿದ ಅಂಗಿಯಲ್ಲಿ ಬೆವರುತ್ತ ನಿಂತಿರುತ್ತಾರೆ. ಹೋಗಲಿ, ಒಗೆಯುತ್ತಾರೋ? ಇಲ್ಲ. ಗೆಲ್ಲುತ್ತಿರುವಾಗ ಒಗೆದರೆ ಅದೃಷ್ಟ ತೊಳೆದುಹೋಗುತ್ತದಂತೆ. ಊರಿನ ಬಟ್ಟೆಯೆಲ್ಲ ಒಗೆದುಕೊಡುವ ಅಂಗಡಿಯಲ್ಲಿ ಒಗೆಯದ ಬಟ್ಟೆ ಅದೊಂದೇ. ಒಂದು ವರ್ಷ ನಾಲ್ಕು ಮ್ಯಾಚು ಬೆನ್ನುಬೆನ್ನಿಗೆ ಗೆದ್ದರು ನೋಡಿ, ಗಿರಾಕಿಗಳು ಬೇರೆ ಲಾಂಡ್ರಿ ಹುಡುಕಿದರು. ಐದನೆಯದರಲ್ಲಿ ಸೋತಾಗ ಇಡೀ ಬೀದಿ ನೆಮ್ಮದಿಯ ಉಸಿರು ಬಿಟ್ಟಿತು. ಮಾವ ಮಾತ್ರ ಅಳುಮುಖದಲ್ಲಿ ಅಂಗಿ ಮೆಷಿನ್ನಿಗೆ ಹಾಕಿದರು.

ಚರ್ಚಿನ ಸಂಗತಿಯನ್ನು ಹೇಳದೆ ಬಿಡಬೇಕು ಅಂತಿದ್ದೆ. ಆದರೆ ಸಿಟ್ಟು ಬಿಡುವುದಿಲ್ಲ. ಇಲ್ಲಿ ಶುಕ್ರವಾರ ರಜೆಯಾದ್ದರಿಂದ ನಮ್ಮ ಭಾನುವಾರದ ಪೂಜೆ ಶುಕ್ರವಾರವೇ ಆಗುತ್ತದೆ. ಯಾರಿಗಾದರೂ ವಿಶೇಷ ಪ್ರಾರ್ಥನೆ ಬೇಕಿದ್ದರೆ ಮುಂಚೆ ಬರೆದುಕೊಟ್ಟರೆ ಫಾದರ್ ಅದನ್ನು ಪೂಜೆಯಲ್ಲಿ ಓದುತ್ತಾರೆ. ಕಾಯಿಲೆ, ವೀಸಾ, ಹೆರಿಗೆ ಹೀಗೆ. ಮಾವ ಬರೆದುಕೊಟ್ಟದ್ದು, ನಮ್ಮ ಕಾಲೇಜಿನ ಹುಡುಗರಿಗೆ ನಾಳೆ ಕಷ್ಟದ ದಿನ, ದೇವರು ಕೈಹಿಡಿಯಲಿ ಅಂತ. ಫಾದರ್ ಒಳ್ಳೆಯವರು. ನಾಳೆ ಕಷ್ಟದ ಪರೀಕ್ಷೆ ಬರೆಯುವ ಎಲ್ಲ ಕಾಲೇಜು ವಿದ್ಯಾರ್ಥಿಗಳಿಗಾಗಿ ಅಂತ ತಾವೇ ತಿದ್ದಿ ಓದಿದರು. ತುಂಬಿದ ಚರ್ಚು ಒಕ್ಕೊರಲಿನಿಂದ ಪ್ರಾರ್ಥಿಸಿತು! ಪೂಜೆ ಮುಗಿದು ಹೊರಗೆ ಬಂದರೆ ಮಕ್ಕಳ ತಾಯಂದಿರು ಮಾವನನ್ನು ಸುತ್ತಿಕೊಂಡರು. ಯಾವ ಕಾಲೇಜು, ಡೊನೇಶನ್ ಎಷ್ಟು, ಹಾಸ್ಟೆಲ್ ಉಂಟಾ.

ನನ್ನ ಪರೀಕ್ಷೆಗೆ ಈ ಮನುಷ್ಯ ಒಂದು ಮೊಂಬತ್ತಿ ಹಚ್ಚಿದವರಲ್ಲ.

ಮರುದಿನ ಆ ಹುಡುಗರು ಹೀನಾಯವಾಗಿ ಸೋತರು. ಮಾವ ನನ್ನ ಮನೆಯಲ್ಲಿ ಕೂತು ಫಾದರ್ ಮೇಲೆ ಆಕ್ಷೇಪ ಎತ್ತಿದರು. "ಪರೀಕ್ಷೆ ಅಂತ ಹೇಳಿದ್ದೇ ತಪ್ಪಾಯ್ತು. ದೇವರು ಅವರನ್ನೆಲ್ಲ ಓದ್ಲಿಕ್ಕೆ ಕೂರಿಸಿದ."

ನೀವು ಕೇಳಬಹುದು, ಇಷ್ಟು ಸೋಲುವ ತಂಡವನ್ನು ಯಾಕೆ ಹಿಡಿದುಕೊಂಡಿದ್ದಾರೆ ಅಂತ. ಅದೇ ನನಗೂ ಅರ್ಥವಾಗದ್ದು. ಪ್ರತಿ ಆಗಸ್ಟಿನಲ್ಲಿ ಮಾವನ ಭವಿಷ್ಯವಾಣಿ, ಈ ವರ್ಷ ಖಂಡಿತ. ಸೆಪ್ಟೆಂಬರಿನಲ್ಲಿ, ಇನ್ನೂ ಸಮಯ ಉಂಟು. ಅಕ್ಟೋಬರಿನಲ್ಲಿ ನನ್ನ ಬಿ.ಕಾಂ.ಗೆ ಬೆಲೆ ಬರುತ್ತದೆ: "ನೀನು ಅಕೌಂಟ್ಸ್ ಅಲ್ವಾ, ಲೆಕ್ಕ ಹಾಕು ನೋಡುವ, ಆ ಮೂರು ಕಾಲೇಜು ಸೋತು ನಮ್ಮದು ಗೆದ್ದರೆ?" ನವೆಂಬರಿನಲ್ಲಿ ಮೌನ. ಮೀನುಸಾರು ಸಹ ರುಚಿಸುವುದಿಲ್ಲ. ನನ್ನ ಗಂಡ ಬುದ್ಧಿವಂತ. ಮಾವ ಫುಟ್‌ಬಾಲು ತೆಗೆದ ತಕ್ಷಣ ನಿದ್ದೆ ಬಂತೆಂದು ಒಳಗೆ ಹೋಗುತ್ತಾರೆ. ಕೇಳಿಸಿಕೊಳ್ಳುವುದು ಯಾರು? ಈ ಪದವೀಧರೆ! ಬೇಡ ಬೇಡವೆಂದರೂ ಕಿವಿಗೆ ಬಿದ್ದು ಬಿದ್ದು, ಆ ಆಟದ ನಿಯಮ ಮಾವನಿಗಿಂತ ಹೆಚ್ಚು ನನಗೇ ಬಂತು.

ಆಗಸ್ಟಿನಲ್ಲಿ ಇನ್ನೊಂದು ಗೋಳುಂಟು. ಅದು ಕಾಲೇಜಲ್ಲವೇ? ಹುಡುಗರು ಓದು ಮುಗಿಸಿ ಹೊರಟುಹೋಗುತ್ತಾರೆ. ಒಂದು ವರ್ಷ ಮಾವ ಸಾವಿನ ಮನೆಯಿಂದ ಬಂದವರ ಹಾಗೆ ಬಂದು ಕೂತರು. ಏನಾಯಿತು ಅಂತ ನನಗೆ ಗಾಬರಿ.

"ಒಳ್ಳೊಳ್ಳೆ ಹುಡುಗರೆಲ್ಲ ಪಾಸಾಗಿಬಿಟ್ರು ಮಾರಾಯ್ತಿ."

ಪಾಸಾದರೆ ದುಃಖವೇ? ಲೋಕದಲ್ಲಿ ವಿದ್ಯಾರ್ಥಿಗಳು ಫೇಲಾಗಲಿ ಅಂತ ಆಸೆಪಡುವ ಇನ್ನೊಬ್ಬ ಮನುಷ್ಯನನ್ನು ತೋರಿಸಿ ನೋಡುವ! ನಾನು ಪಾಸಾದಾಗಲೂ ಇವರು ಹೀಗೆಯೇ ದುಃಖಪಟ್ಟರೋ ಏನೋ, ಯಾರಿಗೆ ಗೊತ್ತು.

ಸರಿ, ಈಗ ಈ ವರ್ಷದ ವಿಷಯಕ್ಕೆ ಬರುತ್ತೇನೆ. ಇಷ್ಟರವರೆಗೆ ಹೇಳಿದ್ದೆಲ್ಲ ನಗೆಯ ಮಾತು. ಇದು ಹಾಗಲ್ಲ.

ನನ್ನ ತಂಗಿಗೆ ಸಂಬಂಧ ಕೂಡಿಬಂತು. ಹುಡುಗ ಹಡಗಿನಲ್ಲಿ ಕೆಲಸ ಮಾಡುವವನು. ಒಳ್ಳೆಯ ಮನೆ, ತಂಗಿಗೂ ಇಷ್ಟ. ಆದರೆ ಹಡಗಿನವರ ರಜೆ ಹಡಗು ಹೇಳಿದ ಹಾಗೆ. ಕ್ರಿಸ್ಮಸ್ ಆಗಿ ಹೊಸ ವರ್ಷ ಬರುವ ನಡುವೆ ಮದುವೆ ಆಗಬೇಕು, ಇಲ್ಲದಿದ್ದರೆ ಅವನು ಪುನಃ ಸಮುದ್ರಕ್ಕೆ ಹೋಗಿಯಾಯಿತು. ನಮ್ಮವರ ಮದುವೆಗಳೆಲ್ಲ ಆ ವಾರದಲ್ಲೇ ಆಗುವುದರಿಂದ ಊರಿನಲ್ಲಿ ಹಾಲ್ ಸಿಗುವುದೇ ಕಷ್ಟ. ಸಿಕ್ಕಿದ್ದು ಒಂದೇ ದಿನ. ಹುಡುಗನ ತಾಯಿ ಕಟ್ಟುನಿಟ್ಟಿನವರು. ಈ ದಿನ ಆಗದಿದ್ದರೆ ನಾವು ಬೇರೆ ಕಡೆ ನೋಡ್ತೇವೆ ಅಂತ ನಗುನಗುತ್ತಲೇ ಹೇಳಿ ಹೋಗಿದ್ದರು.

ಮದುವೆಯ ಸಂಜೆ ಹುಡುಗಿಯ ಕೈಯನ್ನು ಹುಡುಗನ ಮನೆಯವರ ಕೈಯಲ್ಲಿಟ್ಟು, ನಮ್ಮ ಮಗಳನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ಒಪ್ಪಿಸಿಕೊಡುವ ಕ್ರಮ ನಮ್ಮಲ್ಲುಂಟು. ಅದು ಅಪ್ಪನ ಕೆಲಸ. ಅಪ್ಪನಿಲ್ಲದ ಮನೆಯಲ್ಲಿ ಮಾವನ ಕೆಲಸ. ನನ್ನ ಕೈಯನ್ನು ಒಪ್ಪಿಸಿಕೊಟ್ಟದ್ದೂ ಅವರೇ. ತಂಗಿ ನಿಶ್ಚಿತಾರ್ಥದ ದಿನವೇ ಹೇಳಿದ್ದಳು, ಮಾಂವ್ ಬಾರದಿದ್ದರೆ ನಾನು ಹಾಲ್‌ನಿಂದ ಹೊರಡುವುದಿಲ್ಲ ಅಂತ.

ಮತ್ತೆ ಆ ದಿನ ಏನುಂಟು? ಸೆಮಿಫೈನಲ್!

ಅಮೆರಿಕದ ಆ ಕಾಲೇಜುಗಳಲ್ಲಿ ನೂರಾರು ತಂಡ ಆಡುತ್ತವೆ. ಕೊನೆಗೆ ಒಂದು ಸಮಿತಿ ಕೂತು ನಾಲ್ಕೇ ನಾಲ್ಕು ತಂಡ ಆರಿಸುತ್ತದೆ. ಆ ನಾಲ್ಕು ತಂಡಗಳು ವರ್ಷದ ಕೊನೆಗೆ ಸೆಮಿಫೈನಲ್ ಆಡುವುದು. ಗೆದ್ದರೆ ಸಾಲದು, ಸಮಿತಿಗೆ ಇಷ್ಟವೂ ಆಗಬೇಕು. ಇದೆಂಥ ಅನ್ಯಾಯ ಅಂತ ನಾನು ಒಮ್ಮೆ ಕೇಳಿದ್ದಕ್ಕೆ ಮಾವ, ಹುಡುಗ ಎಷ್ಟು ಒಳ್ಳೆಯವನಾದರೂ ಹುಡುಗಿ ಕಡೆಯ ನಾಲ್ಕು ಹಿರಿಯರು ಒಪ್ಪಬೇಡವಾ, ಹಾಗೆ, ಎಂದಿದ್ದರು. ಮಾವನ ಕಾಲೇಜನ್ನು ಒಪ್ಪಿದ ಸಮಿತಿ ಈವರೆಗೆ ಹುಟ್ಟಿಲ್ಲ.

ಆದರೂ ಈ ಮನುಷ್ಯ ಏನು ಮಾಡಬೇಕು? ತಂಗಿಯ ಮದುವೆ ಯಾವ ದಿನ ಅಂತ ನಾನು ಹೇಳಿದ ಆಗಸ್ಟಿನ ಆ ಶುಕ್ರವಾರ ಊಟದ ತಟ್ಟೆಯ ಮೇಲೆ ಕೈ ನಿಲ್ಲಿಸಿ, "ಅಂದ್ರೆ ಸೆಮಿಫೈನಲ್ ದಿನ" ಎಂದರು.

ಆ ದಿನ ನಾನು ಆಡಿದ್ದನ್ನೆಲ್ಲ ಬರೆಯುವುದಿಲ್ಲ. ಗಂಡ ಒಳಗಿನ ನಿದ್ದೆ ಬಿಟ್ಟು ಎದ್ದುಬಂದರು ಅಂದರೆ ನೀವೇ ತಿಳಿದುಕೊಳ್ಳಿ. ಆಟವಾಡುವ ಹುಡುಗರಲ್ಲಿ ಒಬ್ಬನಿಗಾದರೂ ನಿಮ್ಮ ಮುಖ ಗೊತ್ತುಂಟಾ? ನಿಮ್ಮ ಬ್ಯಾಚ್‌ಮೇಟ್ ಬಂದು ನಿಮ್ಮ ಸೊಸೆಯನ್ನು ಒಪ್ಪಿಸಿಕೊಡುತ್ತಾನಾ? ಇನ್ನೂ ಒಂದು ಚೆಂಡು ಎಸೆದಾಗಿಲ್ಲ, ಆಗಲೇ ಸೆಮಿಫೈನಲ್ಲಾ? ಮಾವ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡರು. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಅರ್ಬಾಬ್ ಹತ್ತಿರ ಕೇಳಿ ನೋಡುತ್ತೇನೆ ಎಂದು ಹೋದರು.

ಕೇಳುವುದಕ್ಕೂ ಒಂದು ಗಡುವಿತ್ತು. ಅವರಿಗೆ ರಜೆ ಎರಡು ವರ್ಷಕ್ಕೊಮ್ಮೆ. ಕ್ರಿಸ್ಮಸ್ಸಿನ ಹೊತ್ತಿಗೆ ಹೋಟೆಲುಗಳ ಮೇಜುಬಟ್ಟೆ ಗುಡ್ಡೆ ಬೀಳುವುದರಿಂದ, ಆ ಸಮಯದಲ್ಲಿ ಊರಿಗೆ ಹೋಗುವವರು ಆಗಸ್ಟಿನೊಳಗೆ ಹೇಳಬೇಕು. ಹೇಳಿದ ಮೇಲೆ ಬದಲಿಸುವ ಹಾಗಿಲ್ಲ. ಊರಿನಲ್ಲೋ ಆ ಆಟ ಬರುವ ಚಾನೆಲ್ಲಿಲ್ಲ, ಅಮ್ಮನ ಮನೆಯಲ್ಲಿ ಫೋನಿನಲ್ಲಿ ನೆಟ್ ಸಿಗಬೇಕಾದರೆ ಬಾವಿಕಟ್ಟೆ ಹತ್ತಬೇಕು. ಊರಿಗೆ ಹೋದರೆ ಆಟ ಹೋದಂತೆ.

ಅಮ್ಮ ಏನು ಹೇಳಿದರು ಗೊತ್ತೇ? ತಮ್ಮನ ಕಿವಿ ಹಿಂಡುತ್ತಾರೆ ಅಂತ ನಾನು ಫೋನು ಮಾಡಿದರೆ, "ಅವನಿಗೆ ಬೇರೆ ಎಂತ ಖುಷಿ ಉಂಟು ಪುತಾ? ನಾನು ಹುಡುಗನ ತಾಯಿ ಹತ್ರ ಮಾತಾಡಿ ನೋಡ್ತೇನೆ, ದಿನ ಮುಂದೆ ಹಾಕ್ಲಿಕ್ಕೆ ಆಗ್ತದಾ ಅಂತ."

ಮುಂದೆ ಹಾಕುವುದೇ? ಆ ಹೆಂಗಸಿನ ಹತ್ತಿರ? ಒಂದು ಮಾತು ಬಾಯಿಂದ ಬಿದ್ದರೆ ಸಂಬಂಧವೇ ಮುರಿದುಬೀಳುವುದು ಅಮ್ಮನಿಗೆ ಗೊತ್ತಿಲ್ಲವೇ? ಗೊತ್ತುಂಟು. ಆದರೂ ಕೇಳಲು ಹೊರಟವರು ಅವರು. ತಮ್ಮ ಎಂದರೆ ಅಮ್ಮನ ಬುದ್ಧಿ ನಿಂತುಹೋಗುತ್ತದೆ. ನಾನು ಕೈಮುಗಿದು, ನಾಲ್ಕು ದಿನ ಸುಮ್ಮನಿರಿ, ಮಾವನನ್ನು ನಾನು ಸರಿಮಾಡುತ್ತೇನೆ ಎಂದೆ.

ಹೇಗೆ ಸರಿಮಾಡುವುದು? ಭಾವನೆಯ ಮಾತು ನಾಟುವ ಪ್ರಾಣಿಯಲ್ಲ ಅದು. ಲೆಕ್ಕ ಇಟ್ಟು ತೋರಿಸಬೇಕು. ಈ ವರ್ಷವೂ ನಿಮ್ಮ ಕಾಲೇಜು ಎಲ್ಲಿಗೂ ತಲುಪುವುದಿಲ್ಲ ಅಂತ ಸಾಧಿಸಿದರೆ ಮುಗಿಯಿತು. ಕಲಿತವಳಲ್ಲವೇ ನಾನು? ಆಫೀಸಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಕೂತು, ಆ ಆಟದ ಪಂಡಿತರು ಮುಂದಿನ ಸೀಸನ್ ಬಗ್ಗೆ ಬರೆದದ್ದನ್ನೆಲ್ಲ ಓದಿದೆ. ಒಂದಾದ ಮೇಲೆ ಒಂದು.

ಈ ವರ್ಷ ಗೆಲ್ಲುತ್ತಾರಂತೆ!

ಮ್ಯಾಚುಗಳೇನೋ ಕಷ್ಟದವು. ದೊಡ್ಡ ದೊಡ್ಡ ಕಾಲೇಜುಗಳೆಲ್ಲ ಸಾಲಾಗಿ ಇವರ ಮೇಲೆಯೇ ಬಂದು ಬೀಳುತ್ತವೆ, ಎರಡು ಅಂತೂ ಎದುರಾಳಿಯ ಊರಿನಲ್ಲೇ. ಆದರೆ ಚೆಂಡು ಎಸೆಯುವ ಮುಖ್ಯ ಹುಡುಗ ಈ ಸಲ ಪಾಸಾಗಿ ಹೋಗಿಲ್ಲ, ಇನ್ನೂ ಒಂದು ವರ್ಷ ಓದಲಿಕ್ಕುಂಟು. ಅವನನ್ನು ಕಾಯುವ ದಡೂತಿಗಳೂ ಇದ್ದಾರೆ. ನಾಲ್ಕರಲ್ಲಿ ಒಂದು ಇವರೇ ಅಂತ ಹೆಚ್ಚುಕಡಿಮೆ ಎಲ್ಲ ಪಂಡಿತರೂ ಬರೆದಿದ್ದರು. ಇಷ್ಟು ವರ್ಷ ಸುಮ್ಮನಿದ್ದವರು, ನನ್ನ ತಂಗಿಯ ಮದುವೆಯ ವರ್ಷವೇ ಇವರಿಗೆ ಪೌರುಷ ಬರಬೇಕೇ? ಕಂಪ್ಯೂಟರಿನ ಎದುರು ಕೂತು ಆ ಹುಡುಗರನ್ನು ನಾನು ಶಪಿಸಿದೆ. ಪಕ್ಕದ ಸೀಟಿನವಳು ಲೆಡ್ಜರ್ ತಾಳೆಯಾಗಲಿಲ್ಲವೇ ಅಂತ ಕೇಳಿದಳು.

ಮಾವನಿಗೆ ಇದನ್ನು ಹೇಳುವುದೋ ಬಿಡುವುದೋ? ಗುರುವಾರ ಕೆಲಸ ಮುಗಿಸಿ ಲಾಂಡ್ರಿಗೆ ಹೋಗುವಷ್ಟು ದೂರವೂ ಅದೇ ಯೋಚನೆ. ಗಡುವಿಗೆ ಇನ್ನು ಉಳಿದದ್ದು ಒಂದು ದಿನ. ಅವರಾಗಿ ಕೇಳದಿದ್ದರೆ ಹೇಳುವುದಿಲ್ಲ, ಕೇಳಿದರೆ ಸುಳ್ಳು ಹೇಳುವುದು ಅಂತ ನಿರ್ಧರಿಸಿ ಒಳಗೆ ಹೋದೆ. ಮಾವ ಯಾವುದೋ ಹೋಟೆಲಿನ ಉದ್ದನೆಯ ಮೇಜುಬ‌ಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, ಅರ್ಬಾಬಿಗೆ ಹೇಳಿಯಾಯಿತು, ಕ್ರಿಸ್ಮಸ್ ಆಗಿ ಮರುದಿನ ಹೊರಡುವುದು, ತಂಗಿಗೆ ಹೇಳು ಎಂದರು.

ನನಗೆ ನಂಬಿಕೆಯಾಗಲಿಲ್ಲ. ಮತ್ತೆ ಸೆಮಿಫೈನಲ್?

"ಎಂತ ಸೆಮಿಫೈನಲ್? ಈ ವರ್ಷ ಚಾನ್ಸೇ ಇಲ್ಲ ಮಾರಾಯ್ತಿ. ಮ್ಯಾಚೆಲ್ಲ ಕಷ್ಟದ್ದು. ಒಳ್ಳೆಯ ಹುಡುಗರು ಯಾರೂ ಇಲ್ಲ."

ನಾನು ಸುಮ್ಮನಿರಬೇಕಿತ್ತು. ಬಂದ ಕೆಲಸ ಆಗಿತ್ತು. ಆದರೆ ಮೂರು ದಿನ ಓದಿದ್ದೇನಲ್ಲ, ಕಲಿತವರಿಗೆ ತಪ್ಪು ಕೇಳಿಸಿಕೊಂಡು ಸುಮ್ಮನಿರುವುದು ಆಗುತ್ತದೆಯೇ? ಸಿಟ್ಟು ನೆತ್ತಿಗೇರಿತು.

"ಯಾರು ಹೇಳಿದ್ದು ನಿಮಗೆ? ನಮ್ಮ ಹುಡುಗ ಎಲ್ಲಿಗೂ ಹೋಗಿಲ್ಲ, ಇನ್ನೊಂದು ವರ್ಷ ಇದ್ದಾನೆ. ಅವನನ್ನು ಕಾಯುವವರೂ ಇದ್ದಾರೆ. ಕಷ್ಟದ ಮ್ಯಾಚು ಗೆದ್ದರೇ ಅಲ್ವಾ ಸಮಿತಿ ಒಪ್ಪುವುದು? ಒಂದು ಸೋತರೂ ತೊಂದರೆ ಇಲ್ಲ. ಈ ವರ್ಷ ಹೋಗುವುದು ಗ್ಯಾರಂಟಿ ಮಾಂವ್. ಎಂತದೂ ಗೊತ್ತಿಲ್ಲದೆ ಮಾತಾಡ್ಬೇಡಿ."

ಮಾವ ನನ್ನ ಮಾತು ಮುಗಿಯುವವರೆಗೂ ಇಸ್ತ್ರಿ ನಿಲ್ಲಿಸಲಿಲ್ಲ. ಬಟ್ಟೆಯ ಕೊನೆ ಮುಟ್ಟಿದ ಮೇಲೆ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಸುತ್ತ ನೋಡಿ, ಧ್ವನಿ ತಗ್ಗಿಸಿದರು.

"ಗೊತ್ತುಂಟು ಪುತಾ. ಬ್ಯಾಚ್‌ಮೇಟ್ ಹೋದ ವಾರವೇ ಹೇಳಿದ. ಈ ವರ್ಷ ಹೋಗ್ತಾರೆ." ಸ್ವಲ್ಪ ಹೊತ್ತು ಆ ಬಟ್ಟೆಯ ಅಂಚನ್ನು ಸವರಿದರು. "ನಿನ್ನ ಅಮ್ಮನಿಗೆ ಮಾತ್ರ ಹೇಳ್ಬೇಡ. ಅವಳು ದಿನ ಬದಲಿಸ್ಲಿಕ್ಕೆ ಹೋಗಿ ಹುಡುಗಿಯ ಮದುವೆ ತಪ್ಪಿಸ್ತಾಳೆ. ಚಾನ್ಸೇ ಇಲ್ಲ ಅಂತ ಹೇಳು."

ಅಷ್ಟು ಹೇಳಿ ಇನ್ನೊಂದು ಮೇಜುಬಟ್ಟೆ ಎಳೆದುಕೊಂಡರು. ಹಬೆ ಎದ್ದು ಅವರ ಮುಖ ಕಾಣಲಿಲ್ಲ. ನಾನು ಹೊರಗೆ ಬಂದು, ಎದುರಿನ ಅಂಗಡಿಯ ಎಸಿಯಿಂದ ನೀರು ತೊಟ್ಟಿಕ್ಕುವ ಜಾಗದಲ್ಲಿ ನಿಂತು, ಅಲ್ಲಿಂದಲೇ ಅಮ್ಮನಿಗೆ ಫೋನು ಹಚ್ಚಿದೆ. ರಜೆ ಆಯಿತು, ಕ್ರಿಸ್ಮಸ್ ಮರುದಿನ ಹೊರಡುತ್ತಾರೆ, ನೀವು ಯಾರ ಹತ್ತಿರವೂ ಏನೂ ಕೇಳಬೇಡಿ ಎಂದೆ. ಅಮ್ಮ ನಂಬಲಿಲ್ಲ. ಆಟದ ಕಥೆ ಏನು, ನೀನು ಅವನನ್ನು ಗದರಿಸಿ ಒಪ್ಪಿಸಿದೆಯಾ ಅಂತ ಕೇಳಿದರು.

ಇಲ್ಲ ಅಮ್ಮ, ಎಂದೆ. ನಾನೇ ಎಲ್ಲ ಓದಿ ನೋಡಿದೆ. ಆ ಕಾಲೇಜಿನವರು ಈ ವರ್ಷ ಏನೂ ಇಲ್ಲ. ಒಳ್ಳೆಯ ಹುಡುಗರೇ ಇಲ್ಲ. ಸೆಮಿಫೈನಲ್ಲಿನ ಹತ್ತಿರವೂ ಸುಳಿಯುವುದಿಲ್ಲ.

ಅಮ್ಮ ನಿಟ್ಟುಸಿರು ಬಿಟ್ಟು ದೇವರಿಗೆ ಸ್ತೋತ್ರ ಹೇಳುತ್ತಾರೆ ಅಂತ ನಾನು ಕಾದೆ.

"ಪಾಪ," ಎಂದರು ಅಮ್ಮ. "ನೀನು ಇದನ್ನೆಲ್ಲ ಅವನ ಎದುರು ಹೇಳ್ಬೇಡ ಪುತಾ. ಬೇಜಾರು ಮಾಡ್ಕೊಳ್ತಾನೆ."